ಕೀ ಕೊಡುವ ಕ್ಯಾಮೆರಾ ಹಿಡಿದು ಮರಳುಗಾಡಿನಲ್ಲಿ

ಮೂಕಿ ಕಾಲದಲ್ಲಿ ಕಾಡುಪ್ರಾಣಿಗಳ ಚಿತ್ರ ತೆಗೆದವರನ್ನು ಜಾಸ್ತಿ ಕಾಡಿದ್ದು ಸದ್ದು. ಚಿತ್ರಕ್ಕೆ ದನಿಯಿರಲಿಲ್ಲ, ಕ್ಯಾಮೆರಾಗೆ ಮಾತ್ರ ಬೇಕಾದಷ್ಟಿತ್ತು. ಅರಿಜೋನಾದ ಟೂಸಾನ್ ಹತ್ತಿರ, ಸೊನೊರಾ ಮರಳುಗಾಡಿನಲ್ಲಿ ಬೊಲೆಕ್ಸ್ ಎಚ್16 ಎಂಬ ಹಳೆಯ ಸಿನಿಮಾ ಕ್ಯಾಮೆರಾ ಇಟ್ಟುಕೊಂಡು ಕೂತಾಗ ಇದು ನನಗೆ ಚೆನ್ನಾಗಿ ಅರ್ಥವಾಯಿತು.

ನಾನು ಆರಿಸಿಕೊಂಡದ್ದು ಹೀಲಾ ಮರಕುಟಿಗ. ಅದು ಸವಾರೊ ಕಳ್ಳಿಯಲ್ಲಿ ಪೊಟರೆ ಕೊರೆಯುತ್ತದೆ. ಕೊರೆದ ಕೂಡಲೇ ಒಳಗೆ ಸಂಸಾರ ಹೂಡುವುದಿಲ್ಲ. ಗಾಯ ಒಣಗಿ ಒಳಗೋಡೆ ಗಟ್ಟಿಯಾಗಬೇಕು, ಅದಕ್ಕೆ ತಿಂಗಳುಗಳೇ ಬೇಕು. ಹಾಗಾಗಿ ಅಂಚು ಗಟ್ಟಿಯಾದ ಹಳೆಯ ಪೊಟರೆಗಳನ್ನೇ ನೋಡಿಟ್ಟುಕೊಂಡೆ.

ಪರಿಚಯದವರ ಜಾಗದಲ್ಲಿ ಅಡಗಿ ಕೂರಲು ಕ್ಯಾನ್ವಾಸ್ ಗುಡಾರ ಹಾಕಿದೆ. ಮೊದಲು ದೂರದಲ್ಲಿ, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರಕ್ಕೆ. ಗೆಳೆಯರೊಬ್ಬರು ನನ್ನ ಜೊತೆ ಒಳಗೆ ಬಂದು, ಸ್ವಲ್ಪ ಹೊತ್ತಿಗೆ ಒಬ್ಬರೇ ಹೊರಟುಹೋಗುತ್ತಿದ್ದರು. ಹಕ್ಕಿಗೆ ಲೆಕ್ಕ ಬರುವುದಿಲ್ಲ ಅಲ್ವಾ, ಗುಡಾರ ಖಾಲಿಯಾಯಿತು ಎಂದುಕೊಳ್ಳುತ್ತದೆ. ಆದರೆ ಬೊಲೆಕ್ಸ್ ಓಡಿದರೆ ಹೊಲಿಗೆ ಯಂತ್ರದ ಹಾಗೆ ಟರಟರ ಅನ್ನುತ್ತದೆ. ಅದಕ್ಕೆ ರೀಲು ಹಾಕದೆ ಖಾಲಿ ಕ್ಯಾಮೆರಾವನ್ನೇ ಮತ್ತೆ ಮತ್ತೆ ಓಡಿಸಿದೆ. ಕೀ ಕೊಡುವ ಕಿರಿಕಿರಿಯೂ ಅಭ್ಯಾಸವಾಗಬೇಕು. ತಾಯಿ ತಂದೆ ಆ ಸದ್ದಿಗೆ ತಲೆ ಕೆಡಿಸಿಕೊಳ್ಳದೆ ಮರಿಗಳಿಗೆ ಹುಳ ತಂದುಕೊಟ್ಟ ಮೇಲೆಯೇ ರೀಲು ಹಾಕಿದ್ದು. ಅವು ಪೊಟರೆಗೆ ಬರಲು ಹಿಂಜರಿದರೆ ಗುಡಾರ ಹಿಂದಕ್ಕೆ ಹೋಗಲೇಬೇಕು, ಇದರಲ್ಲಿ ಎರಡು ಮಾತಿಲ್ಲ.

ಆಗಿನವರ ಕಷ್ಟ ಇನ್ನೂ ದೊಡ್ಡದು. ಸೆಕೆಂಡಿಗೆ 16 ಫ್ರೇಮ್ ಬರಬೇಕಾದರೆ ಒಂದು ಕೈಯಲ್ಲಿ ಸೆಕೆಂಡಿಗೆ ಎರಡು ಸುತ್ತು ಹಿಡಿ ತಿರುಗಿಸಬೇಕು, ಇನ್ನೊಂದು ಕೈಯಲ್ಲಿ ಪ್ರಾಣಿಯ ಹಿಂದೆ ಕ್ಯಾಮೆರಾ ಹೊರಳಿಸಬೇಕು. ಅಮೆರಿಕದ ಮ್ಯೂಸಿಯಂಗಳಿಗೆ ಪ್ರಾಣಿಗಳ ಮಾದರಿ ಮಾಡುತ್ತಿದ್ದ ಕಾರ್ಲ್ ಏಕ್ಲಿ ಇದಕ್ಕೆಂದೇ ಸರಾಗವಾಗಿ ಹೊರಳುವ ಕ್ಯಾಮೆರಾ ಮಾಡಿ 1915ರಲ್ಲಿ ಪೇಟೆಂಟ್ ಪಡೆದರು. ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ. ನನ್ನದು ಸ್ಪ್ರಿಂಗ್ ಕ್ಯಾಮೆರಾ, ಒಂದು ಕೈ ಬಿಡುವಾಗಿರುತ್ತದೆ. ಆದರೂ 100 ಅಡಿಯ ರೀಲು 16 ಫ್ರೇಮಿನಲ್ಲಿ ನಾಲ್ಕು ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಸುಮ್ನೆ ಗುಂಡಿ ಒತ್ತುವ ಹಾಗಿಲ್ಲ. ಹಕ್ಕಿ ಯಾವ ದಿಕ್ಕಿನಿಂದ ಬರುತ್ತದೆ, ಎಲ್ಲಿ ಕೂರುತ್ತದೆ ಎಂಬುದು ಬಾಯಿಪಾಠವಾಗಿರಬೇಕು.

ಹಿಂದಿನ ಆರ್ಥೋಕ್ರೋಮ್ಯಾಟಿಕ್ ಫಿಲಂ ಕೆಂಪನ್ನು ಗುರುತಿಸುತ್ತಿರಲಿಲ್ಲ. ಆ ನೋಟ ಬೇಕೆಂದು ಕಪ್ಪು ಬಿಳುಪು ಫಿಲಂಗೆ ನೀಲಿ ಫಿಲ್ಟರ್ ಹಾಕಿದೆ. ಆಕಾಶ ಬೆಳ್ಳಗಾಯಿತು. ಗಂಡು ಮರಕುಟಿಗದ ಕೆಂಪು ಟೋಪಿ ಕಪ್ಪಾಗಿ, ಟೋಪಿಯಿಲ್ಲದ ಹೆಣ್ಣಿನಿಂದ ಅದನ್ನು ಬೇರೆ ಮಾಡುವುದು ಸುಲಭವಾಯಿತು. ಇದು ನನಗೆ ತುಂಬಾ ಇಷ್ಟವಾದ ಫಲ. ಆದರೆ ಇಂದಿನ ಫಿಲಂ ಆ ಬಿಸಿಲಿಗೆ ವಿಪರೀತ ಚುರುಕು. ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು ಆದಷ್ಟು ಚಿಕ್ಕದು ಮಾಡಿದರೂ ಬೆಳಕು ಜಾಸ್ತಿ. ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಎನ್‌ಡಿ ಫಿಲ್ಟರೂ ಬೇಕೇ ಬೇಕು.

ಇನ್ನು ಬಿಸಿಲು, ಧೂಳು. ಬಿಸಿ ತಾಗಿದರೆ ಫಿಲಂ ಹಾಳಾಗುತ್ತದೆ, ಹಾಗಾಗಿ ರೀಲುಗಳು ಐಸ್ ಬಾಕ್ಸಿನಲ್ಲಿ. ಹೊರತೆಗೆದ ಮೇಲೆ ತಣ್ಣಗಿರುವಾಗಲೇ ಡಬ್ಬಿ ತೆರೆಯಬಾರದು. ಪ್ರತಿ ರೀಲಿಗೂ ಗೇಟನ್ನು, ಅಂದರೆ ಲೆನ್ಸಿನ ಹಿಂದೆ ಫಿಲಂ ಹಾದುಹೋಗುವ ಕಿಂಡಿಯನ್ನು, ಬ್ರಷ್‌ನಿಂದ ಒರೆಸಬೇಕು, ಒಂದು ಮರಳಿನ ಕಣ ಇಡೀ ರೀಲಿಗೆ ಗೀರು ಎಳೆಯುತ್ತದೆ. ಒಣ ಗಾಳಿಯಲ್ಲಿ ಫಿಲಂ ಜೋರಾಗಿ ಎಳೆದರೆ ಸ್ಥಿರವಿದ್ಯುತ್ ಕಿಡಿ ಹಾರಿ ಕವಲೊಡೆದ ಗೆರೆಗಳು ಮೂಡುತ್ತವೆ. ನಿಧಾನವಾಗಿ ಸುತ್ತುವುದೇ ಅದಕ್ಕೆ ಮದ್ದು.

ಕೊನೆಗೆ ಸ್ಕ್ಯಾನ್ ಮಾಡಿಸುವಾಗ 16 ಫ್ರೇಮ್ ವೇಗವನ್ನೇ ಇಡಲು ಹೇಳಿ. 24ಕ್ಕೆ ಓಡಿಸಿದರೆ ಹಕ್ಕಿ ಗಡಿಬಿಡಿಯಿಂದ ಮರಿಗೆ ಉಣಿಸಿದ ಹಾಗೆ ಕಾಣುತ್ತದೆ. ನಿಜದಲ್ಲಿ ಅದಕ್ಕೆ ಅಷ್ಟು ಅವಸರ ಇರಲಿಲ್ಲ.