ಮಿಯೋಜಿಪ್ಸಿನಾದ ಸುರುಳಿಯನ್ನು ಪೀಲ್ ಮೇಲೆ ಎಣಿಸಿದ ನನ್ನ ಅನುಭವ

ಕಛ್‌ನ ಮಣಿಯಾರಾ ಫೋರ್ಟ್ ಫಾರ್ಮೇಶನ್ ಎಂಬ ಶಿಲಾಸ್ತರಗಳಲ್ಲಿ ಸಿಗುವ ಮಿಯೋಜಿಪ್ಸಿನಾಗಳನ್ನು (ಫೊರಾಮಿನಿಫೆರಾ, ಅಂದರೆ ಫೊರಾಮ್ ಎಂಬ ಏಕಕೋಶ ಕಡಲಜೀವಿಗಳ ಪಳೆಯುಳಿಕೆ ಚಿಪ್ಪುಗಳನ್ನು) ಥಿನ್ ಸೆಕ್ಷನ್, ಅಂದರೆ ಬೆಳಕು ಹಾಯುವಷ್ಟು ತೆಳುವಾದ ಕಲ್ಲಿನ ಬಿಲ್ಲೆ, ಮಾಡಿಸದೆ, ಬರೀ ಅಸಿಟೇಟ್ ಪೀಲ್‌ಗಳ ಮೇಲೆ (ಆಮ್ಲ ತಾಗಿಸಿದ ಮೈಯ ನಕಲನ್ನು ಅಸಿಟೋನ್‌ನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಗೆ ಇಳಿಸಿಕೊಳ್ಳುವುದೇ ಪೀಲ್) ಚಿಪ್ಪಿನ ಕೋಣೆಗಳನ್ನು ಎಣಿಸಿ ಪ್ರಭೇದ ನಿರ್ಣಯಿಸಬಹುದು ಎಂದು ನಾನು ಹೇಳಿದಾಗ ನಮ್ಮ ವಲಯದಲ್ಲಿ ನಂಬಿದವರು ಕಡಿಮೆ. "ಪೀಲ್ ಇರುವುದು ಸುಣ್ಣದಕಲ್ಲಿನ ಹೆಣಿಗೆ ನೋಡುವುದಕ್ಕೆ, ಎರಡು ಮಿಲಿಮೀಟರ್ ಫೊರಾಮ್‌ನ ಹೊಟ್ಟೆ ಬಗೆಯುವುದಕ್ಕಲ್ಲ ಕಣ್ರೀ" ಎಂದು ನಾನು ಗೌರವಿಸುವ ಹಿರಿಯರೊಬ್ಬರು ಎಲ್ಲರೆದುರಿಗೇ ಅಂದಿದ್ದರು. ಈಗ ಅವರೇ ತಮ್ಮ ವಿದ್ಯಾರ್ಥಿಯನ್ನು ನನ್ನಲ್ಲಿಗೆ ಕಳುಹಿಸಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಮೇಲು ಎಂದು ಇದನ್ನು ಬರೆಯುತ್ತಿದ್ದೇನೆ.

ಈ ಕುಟುಂಬದಲ್ಲಿ ಪ್ರಭೇದವನ್ನು ಬೇರ್ಪಡಿಸುವುದು ಹೊರಗಿನ ಆಕಾರದಿಂದಲ್ಲ, ಭ್ರೂಣದ, ಅಂದರೆ ಚಿಪ್ಪಿನ ಮೊಟ್ಟಮೊದಲ, ಎರಡು ಕೋಣೆಗಳನ್ನು ಬಿಟ್ಟು ಮುಂದಿನ ಸುರುಳಿಯಲ್ಲಿರುವ ಕೋಣೆಗಳ ಸಂಖ್ಯೆಯಿಂದ, ಅಂದರೆ ಎಕ್ಸ್‌ನಿಂದ, ಎಂಬುದು ನಿಮಗೆ ಗೊತ್ತೇ ಇದೆ. ಅದೂ ಒಂದು ಚಿಪ್ಪಿನ ಸಂಖ್ಯೆಯಲ್ಲ, ಇಡೀ ಸಮೂಹದ ಸರಾಸರಿ. ಡಚ್ ಪಳೆಯುಳಿಕೆ ತಜ್ಞ ಡ್ರೂಗರ್ ಹಾಕಿಕೊಟ್ಟ, ಡಿ.ಎಸ್.ಎನ್. ರಾಜು ಅವರು 1974ರಲ್ಲಿ ಭಾರತದ ಮಿಯೋಜಿಪ್ಸಿನಿಡೇ ಕುರಿತ ಅಧ್ಯಯನದಲ್ಲಿ ನಮ್ಮ ಶಿಲೆಗಳಿಗೆ ಅನ್ವಯಿಸಿದ ಈ ಕ್ರಮದಲ್ಲಿ ಸರಾಸರಿ 17ಕ್ಕಿಂತ ಮೇಲಿದ್ದರೆ ಕಾಂಪ್ಲನೇಟಾ ಪ್ರಭೇದ, 13ರಿಂದ 10ರ ನಡುವೆ ಇದ್ದರೆ ಬ್ಯಾಂಟಾಮೆನ್ಸಿಸ್. ಆದ್ದರಿಂದ ಒಂದೊಂದು ಪದರಕ್ಕೂ ಇಪ್ಪತ್ತು ಮೂವತ್ತು ಮೆಗಾಲೋಸ್ಫೆರಿಕ್ (ಮೊದಲ ಕೋಣೆ ದೊಡ್ಡದಿರುವ ಬಗೆಯ) ಚಿಪ್ಪುಗಳು ಬೇಕು, ಪ್ರತಿಯೊಂದರಲ್ಲೂ ಛೇದವು ಪ್ರೊಟೋಕಾಂಚ್ ಎಂಬ ಆ ಮೊದಲ ಕೋಣೆಯ ನಟ್ಟನಡುವೆ ಹಾಯಬೇಕು. ಆ ಪ್ರೊಟೋಕಾಂಚ್‌ನ ವ್ಯಾಸವಾದರೂ ಎಷ್ಟು? ನನ್ನ ಚಿಪ್ಪುಗಳಲ್ಲಿ 100ರಿಂದ 150 ಮೈಕ್ರಾನ್ ಇದ್ದೀತು.

ಮೊದಲು ನಾನೂ ಎಲ್ಲರಂತೆ ಹೊರಗಡೆ ಸೆಕ್ಷನ್ ಮಾಡಿಸಿದೆ. ಸ್ಲೈಡ್ ಒಂದಕ್ಕೆ ಆರುನೂರು ರೂಪಾಯಿಯ ಆಸುಪಾಸು. ಒಂದು ಪದರಕ್ಕೆ ಮೂವತ್ತು ಎಂದರೆ ಹದಿನೆಂಟು ಸಾವಿರ. ಬಂದ ಸ್ಲೈಡುಗಳಲ್ಲಿ ಮೂರನೆಯ ಒಂದು ಭಾಗ ಮಾತ್ರ ಕೆಲಸಕ್ಕೆ ಬಂತು, ಉಳಿದವು ಸಮಭಾಜಕ ತಲದ (ಚಪ್ಪಟೆ ಚಿಪ್ಪನ್ನು ದಪ್ಪದ ನಡುವೆ ಎರಡು ಹೋಳು ಮಾಡುವ ತಲದ) ಮೇಲೋ ಕೆಳಗೋ ನಿಂತಿದ್ದವು ಅಥವಾ ಅದನ್ನು ದಾಟಿ ಸವೆದಿದ್ದವು. ಸವೆದ ಭ್ರೂಣವನ್ನು ಮರಳಿ ತರುವವರು ಯಾರು? ಕಲ್ಲು ಕತ್ತರಿಸುವವರನ್ನು ದೂರಿ ಫಲವಿಲ್ಲ, ಬೀಸಣಿಗೆಯಂತಿರುವ ಎರಡು ಮಿಲಿಮೀಟರ್ ಚಿಪ್ಪಿನಲ್ಲಿ ಭ್ರೂಣ ನಡುವೆ ಇರದೆ ಹಿಡಿಯ ಕಡೆಗೆ, ತುದಿಯಲ್ಲಿ ಕೂತಿರುತ್ತದೆ ಎಂಬುದು ಅವರಿಗೆ ತಿಳಿಯಬೇಕಾದ ವಿಷಯವೇ ಅಲ್ಲ. ಇದಕ್ಕಿಂತ ದೊಡ್ಡ ತೊಡಕು ಕಾಂಪ್ಲನೇಟಾದಂಥ ಉದ್ದ ಸುರುಳಿಯವುಗಳದ್ದು. ಅವುಗಳ ಮೊದಲ ಸುತ್ತು ಮತ್ತು ಕೊನೆಯ ಸುತ್ತು ಕರಾರುವಾಕ್ಕಾಗಿ ಒಂದೇ ಸಮತಲದಲ್ಲಿ ಇರುವುದಿಲ್ಲವಾದ್ದರಿಂದ, ಎಷ್ಟೇ ಒಳ್ಳೆಯ ಸೆಕ್ಷನ್ ಆದರೂ ಒಂದೆರಡು ಕೋಣೆಗಳನ್ನು ಊಹೆಯಿಂದ ತುಂಬಬೇಕಾಗುತ್ತದೆ. ಮೈಕ್ರೋ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದು ಸಲಹೆ ಕೊಟ್ಟವರಿದ್ದರು, ಅದರ ದರಪಟ್ಟಿಯನ್ನು ನೋಡಿ ಮಡಚಿಟ್ಟೆ.

ಪೀಲ್‌ನ ಗುಣವೇನೆಂದರೆ ಅದು ಚಿಪ್ಪನ್ನು ತಿನ್ನುವುದಿಲ್ಲ, ನಕಲು ತೆಗೆಯುತ್ತದೆ, ಆಮ್ಲ ಕರಗಿಸುವುದು ಕೆಲವೇ ಮೈಕ್ರಾನ್. ಒಂದು ಪೀಲ್, ಆಮೇಲೆ ಗಾಜಿನ ಮೇಲೆ ನಾಲ್ಕಾರು ಸುತ್ತು ಉಜ್ಜುವುದು, ಮತ್ತೊಂದು ಪೀಲ್, ಹೀಗೆ ಭ್ರೂಣದ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಹತ್ತಾರು ನಕಲುಗಳು ಸಿಗುತ್ತವೆ. ಕ್ರಮಸಂಖ್ಯೆ ಹಾಕಿದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಸುರುಳಿ ಯಾವ ಮಟ್ಟದಲ್ಲಿ ಇಳಿಯಿತು ಎಂಬುದು ಕಾಣುತ್ತದೆ, ಊಹಿಸುವ ಪ್ರಮೇಯವೇ ಬರುವುದಿಲ್ಲ.

ಇಷ್ಟು ಸರಳವಾಗಿದ್ದರೆ ಎಲ್ಲರೂ ಮಾಡುತ್ತಿದ್ದರಲ್ಲವೇ? ಮೊದಲು ಕೈಕೊಟ್ಟದ್ದು ರೆಸಿನ್. ಅಗ್ಗವೆಂದು ಫೈಬರ್‌ಗ್ಲಾಸ್ ಕೆಲಸದವರು ಬಳಸುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಚಿಪ್ಪುಗಳನ್ನು ಎರಕ ಹೊಯ್ದಿದ್ದೆ, ಅಸಿಟೋನ್ ತಾಗಿದೊಡನೆ ಅದರ ಮೈ ಮೆತ್ತಗಾಗಿ ಹಾಳೆಗೆ ಅಂಟಿಕೊಂಡಿತು, ಹಾಳೆಯನ್ನು ಎಳೆದಾಗ ಚಿಪ್ಪುಗಳೂ ಕಿತ್ತುಬಂದವು. ಕಛ್‌ನ ಬರ್ಮೋಟಿಯ ಒಂದು ಪದರದ ಒಳ್ಳೊಳ್ಳೆಯ ಚಿಪ್ಪುಗಳು ಹಾಗೆ ಹೋದವು. ಎಪಾಕ್ಸಿ ಆ ತಂಟೆ ಮಾಡುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಸಾಕು. ಬೇಗ ಗಟ್ಟಿಯಾಗುವುದನ್ನು ಮಾತ್ರ ಕೊಳ್ಳಬೇಡಿ, ಗುಳ್ಳೆಗಳು ಮೇಲೇರುವ ಮುನ್ನವೇ ಅದು ಹೆಪ್ಪುಗಟ್ಟುತ್ತದೆ.

ಎರಡನೆಯದು ಹಾಳೆ. ಅಂಗಡಿಯವರ ಪಾಲಿಗೆ ಪಾರದರ್ಶಕವಾದದ್ದೆಲ್ಲ ಓ.ಎಚ್.ಪಿ. ಶೀಟು. ಅವೆನ್ಯೂ ರಸ್ತೆಯಲ್ಲಿ ಅಸಿಟೇಟ್ ಎಂದು ಕೇಳಿ ಕಟ್ಟುಗಟ್ಟಲೆ ತಂದದ್ದು ಪಾಲಿಯೆಸ್ಟರ್ ಆಗಿತ್ತು. ಪಾಲಿಯೆಸ್ಟರ್ ಅಸಿಟೋನಿಗೆ ಜಗ್ಗುವುದಿಲ್ಲ, ನಕಲೂ ಮೂಡುವುದಿಲ್ಲ. ಸುಮಾರು ಎರಡು ಸಾವಿರ ರೂಪಾಯಿಯ ಆ ಹಾಳೆಗಳು ಈಗ ಮಕ್ಕಳ ಪುಸ್ತಕಗಳಿಗೆ ಹೊದಿಕೆಯಾಗಿವೆ. ಅಂದಿನಿಂದ ಹತ್ತಿಯಲ್ಲಿ ಅಸಿಟೋನ್ ಅದ್ದಿಕೊಂಡೇ ಅಂಗಡಿಗೆ ಹೋಗುತ್ತೇನೆ. ಹಾಳೆಯ ಮೂಲೆ ಬೆರಳಿಗೆ ಅಂಟಿದರೆ ದುಡ್ಡು ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ.

ಮೂರನೆಯದು ಮಳೆಗಾಲ. ಅಸಿಟೋನ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಸೆಳೆದುಕೊಳ್ಳುತ್ತದೆ, ಅದರಿಂದ ಹಾಳೆ ಹಾಲಿನಂತೆ ಬೆಳ್ಳಗಾಗಿ ಕೋಣೆಗಳ ಗೋಡೆ ಮಸುಕಾಗುತ್ತದೆ. ಜುಲೈ ಆಗಸ್ಟ್‌ನಲ್ಲಿ ತೆಗೆದ ಪೀಲ್‌ಗಳಲ್ಲಿ ಬಹುಪಾಲು ಕಸದ ಬುಟ್ಟಿ ಸೇರಿವೆ. ಚಿಪ್ಪುಗಳನ್ನು ಎರಕ ಹೊಯ್ದ ಎಪಾಕ್ಸಿ ಅಚ್ಚನ್ನು ಮೊದಲೇ ಮೇಜುದೀಪದ ಕೆಳಗಿಟ್ಟು ಉಗುರುಬೆಚ್ಚಗೆ ಮಾಡಿಕೊಂಡು, ದೀಪವನ್ನು ಆರಿಸಿ ದೂರ ಸರಿಸಿದ ಮೇಲೆ ಅಸಿಟೋನ್ ಸುರಿಯುವುದು ಇದಕ್ಕೆ ಪರಿಹಾರ. ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಪ್ರತಿ ಚಿಪ್ಪಿನ ವ್ಯಾಸ ಮತ್ತು ದಪ್ಪವನ್ನು ಮೊದಲು ಅಳೆದು ಬರೆದಿಡುತ್ತೇನೆ, ಇದರ ಪ್ರಯೋಜನ ಮುಂದೆ ಬರುತ್ತದೆ. ಔಷಧಿ ಶೀಶೆಯ ಮುಚ್ಚಳದಲ್ಲಿ ಹತ್ತು ಹನ್ನೆರಡು ಚಿಪ್ಪುಗಳನ್ನು ಅಂಗಾತ ಕೂರಿಸಿ ಎಪಾಕ್ಸಿ ಎರೆಯುತ್ತೇನೆ. ಉಬ್ಬಿದ ಚಿಪ್ಪುಗಳು ಓಲಾಡದೆ ಎಲ್ಲವೂ ಒಂದೇ ಮಟ್ಟಕ್ಕೆ ಕೂರುವಂತೆ ಮಾಡುವ ಉಪಾಯವೊಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರಿಗೆ ತೋರಿಸುತ್ತೇನೆ. ಗಟ್ಟಿಯಾದ ಮೇಲೆ 600ರ ಕಾರ್ಬೊರಂಡಮ್ ಪುಡಿಯಲ್ಲಿ, ಕೋಣೆಗಳು ಇಣುಕಿದ ನಂತರ 1000ದ ಪುಡಿಯಲ್ಲಿ ಉಜ್ಜುತ್ತೇನೆ. ಶೇಕಡಾ ಒಂದೆರಡರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎಂಟು ಹತ್ತು ಸೆಕೆಂಡು ಅದ್ದಿ, ನೀರಿನಲ್ಲಿ ತೊಳೆದು, ಬೆರಳು ತಾಗಿಸದೆ ಒಣಗಿಸುತ್ತೇನೆ. ಹದಿನೈದು ಸೆಕೆಂಡು ದಾಟಿದರೆ ತೆಳುಗೋಡೆಗಳು ಉರುಳುತ್ತವೆ. ಅಸಿಟೋನ್ ಸುರಿದು ಹಾಳೆಯನ್ನು ಒಂದು ಅಂಚಿನಿಂದ ನಿಧಾನಕ್ಕೆ ಇಳಿಬಿಟ್ಟರೆ ದ್ರವ ಮುಂದೆ ಓಡುತ್ತಾ ಗುಳ್ಳೆಗಳನ್ನು ತಾನೇ ಹೊರಗೆ ತಳ್ಳುತ್ತದೆ, ಒತ್ತಕೂಡದು. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಬಿಡಬೇಕು, ಆತುರಪಟ್ಟರೆ ಹಾಳೆ ಸುರುಳಿ ಸುತ್ತಿಕೊಳ್ಳುತ್ತದೆ. ಸರಿಯಾಗಿ ಆರಿದ ಹಾಳೆಯ ಮೂಲೆಯನ್ನು ಚಿಮಟದಲ್ಲಿ ಎತ್ತಿದಾಗ ಸಣ್ಣದೊಂದು ಚಟ್ ಸದ್ದಿನೊಂದಿಗೆ ಬಿಟ್ಟುಕೊಳ್ಳುತ್ತದೆ. ಎರಡು ಗಾಜಿನ ಸ್ಲೈಡುಗಳ ನಡುವೆ ಅದನ್ನಿಟ್ಟು ಓರೆ ಬೆಳಕಿನಲ್ಲಿ ನೋಡಿದರೆ ಪ್ರೊಟೋಕಾಂಚ್, ಅದಕ್ಕೆ ಒರಗಿದ ಡ್ಯೂಟೆರೋಕಾಂಚ್ ಎಂಬ ಎರಡನೆಯ ಕೋಣೆ, ಅಲ್ಲಿಂದ ಹೊರಟ ಕೋಣೆಗಳ ಸಾಲು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ.

ಚಿಪ್ಪು ಬಿಡಿಸುವ ಹಂತದಲ್ಲೂ ಕೆಲವು ಪ್ರಯೋಗಗಳು ನಡೆದವು. ಗಟ್ಟಿ ಮಾರ್ಲ್ (ಜೇಡಿ ಬೆರೆತ ಸುಣ್ಣದ ಕಲ್ಲು) ಅನ್ನು ಗ್ಲಾಬರ್ ಉಪ್ಪಿನ (ಸೋಡಿಯಂ ಸಲ್ಫೇಟ್) ಗಾಢ ದ್ರಾವಣದಲ್ಲಿ ನೆನೆಸಿ ಫ್ರೀಜರಿನಲ್ಲಿಟ್ಟು, ಕರಗಿಸಿ, ಮತ್ತೆ ಇಟ್ಟರೆ ಹರಳುಗಟ್ಟುವ ಉಪ್ಪು ಕಲ್ಲನ್ನು ಒಳಗಿನಿಂದ ಬಿಡಿಸುತ್ತದೆ. ಅಡುಗೆಮನೆಯ ಫ್ರಿಜ್ ಬಳಸಿದ್ದಕ್ಕೆ ಮನೆಯಲ್ಲಿ ಮಾತು ಕೇಳಬೇಕಾಯಿತು, ಚಿಪ್ಪುಗಳು ಮಾತ್ರ ಹಲ್ಲುಜ್ಜುವ ಬ್ರಷ್ಷೂ ಬೇಡದಷ್ಟು ಶುಚಿಯಾಗಿ ಬಂದವು. ಕಛ್‌ನ ಹರೂಡಿಯ ನ್ಯೂಮುಲೈಟಿಸ್ ಆಬ್ಟುಸಸ್ ಎಂಬ ದೊಡ್ಡ ಫೊರಾಮ್ ಅನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ ತಣ್ಣೀರಿಗೆ ಹಾಕಿ ಸಮಭಾಜಕ ತಲದಲ್ಲೇ ಎರಡು ಹೋಳು ಮಾಡುವ ಹಳೆಯ ಪಟ್ಟು ಎಲ್ಲರಿಗೂ ಗೊತ್ತು. ದೊಡ್ಡ ಮೈಕ್ರೋಸ್ಫೆರಿಕ್ (ಮೊದಲ ಕೋಣೆ ತೀರ ಚಿಕ್ಕದಿರುವ ಬಗೆಯ) ಚಿಪ್ಪುಗಳಿಗೆ ಅದನ್ನು ಮೀರಿಸಿದ ವಿಧಾನ ನನಗೆ ಕಂಡಿಲ್ಲ. ಅದನ್ನೇ ಮಿಯೋಜಿಪ್ಸಿನಾದ ಮೇಲೆ ಪ್ರಯತ್ನಿಸಿದಾಗ ಉಳಿದದ್ದು ಪುಡಿ.

ಲಕ್ಷದ್ವೀಪದ ಕವರತ್ತಿ ಲಗೂನಿನ ಮರಳು ಸ್ವಲ್ಪ ಸಿಕ್ಕಾಗ ಅದರಲ್ಲಿದ್ದ, ಇಂದಿಗೂ ಬದುಕಿರುವ ಫೊರಾಮ್ ಆದ ಆಂಫಿಸ್ಟೆಜೈನಾದ ಚಿಪ್ಪುಗಳ ಮೇಲೂ ಕೈಯಾಡಿಸಿದೆ. ಈಗಿನ ಕಾಲದ ಚಿಪ್ಪಿನ ಕೋಣೆಗಳು ಖಾಲಿ. ಪಳೆಯುಳಿಕೆಯಲ್ಲಿ ಕ್ಯಾಲ್ಸೈಟ್ ತುಂಬಿ ಮೈ ಸಮತಟ್ಟಾಗಿರುತ್ತದೆ, ಇಲ್ಲಿ ಮೆತ್ತಗಾದ ಅಸಿಟೇಟ್ ಟೊಳ್ಳುಗಳೊಳಗೆ ಇಳಿದು ಸಿಕ್ಕಿಹಾಕಿಕೊಳ್ಳುತ್ತದೆ. ನಿರ್ವಾತದಲ್ಲಿಟ್ಟು ಎಪಾಕ್ಸಿಯನ್ನು ಒಳಕ್ಕೆ ಹೊಗಿಸಿದ ಮೇಲೆಯೇ ಪೀಲ್ ಬಂತು. ನಿರ್ವಾತಕ್ಕೆ ಹಳೆಯ ಫ್ರಿಜ್ಜಿನ ಕಂಪ್ರೆಸರ್, ಗುಜರಿಯಲ್ಲಿ ಐನೂರು ರೂಪಾಯಿ.

ಈ ಎಲ್ಲ ಪಾಡು ಪಟ್ಟದ್ದು ಒಂದು ಪ್ರಶ್ನೆಗಾಗಿ. ಮಣಿಯಾರಾ ಫೋರ್ಟ್ ಫಾರ್ಮೇಶನ್ನಿನ ಒಂದು ಭಾಗವಾದ ಬರ್ಮೋಟಿ ಮೆಂಬರ್‌ನಲ್ಲಿ, ಕೆಲವೇ ಮೀಟರ್ ಅಂತರದ ಎರಡು ಪದರಗಳಲ್ಲಿ ನನಗೆ ಎರಡು ಬಗೆಯ ಚಿಪ್ಪುಗಳು ಸಿಕ್ಕಿದ್ದವು: ಗಟ್ಟಿ ಸುಣ್ಣದಕಲ್ಲಿನಲ್ಲಿ ದಪ್ಪ, ಉಬ್ಬಿದ ಚಿಪ್ಪುಗಳು, ಮಾರ್ಲ್‌ನಲ್ಲಿ ತೆಳುವಾದ, ಅಗಲ ಬೀಸಣಿಗೆಯವು. ಎರಡರಲ್ಲೂ ಪಾರ್ಶ್ವಕೋಣೆಗಳಿಲ್ಲದ ಗಟ್ಟಿ ಗೋಡೆ ಇದ್ದುದರಿಂದ ಎರಡೂ ಇದೇ ಕುಟುಂಬದ ಮಿಯೋಜಿಪ್ಸಿನಾಯ್ಡಿಸ್ ಗುಂಪಿನವು ಎಂಬುದರಲ್ಲಿ ಅನುಮಾನವಿರಲಿಲ್ಲ. ಹೊರಗಿನಿಂದ ನೋಡಿದವರೆಲ್ಲ ಇವು ಎರಡು ಪ್ರಭೇದ ಎಂದರು. ಎಣಿಸಿದಾಗ ದಪ್ಪನೆಯವುಗಳ ಸರಾಸರಿ ಎಕ್ಸ್ ಹತ್ತೊಂಬತ್ತೂವರೆಯ ಸುತ್ತ, ತೆಳ್ಳನೆಯವುಗಳದ್ದು ಹತ್ತೊಂಬತ್ತರ ಸುತ್ತ ಬಂತು. ಸರಾಸರಿಯ ದೋಷದ ಮಿತಿಯೇ ಅರ್ಧದ ಹತ್ತಿರ ಇರುವಾಗ ಇವೆರಡನ್ನು ಬೇರೆ ಎನ್ನಲು ಆಧಾರವಿಲ್ಲ. ನನ್ನ ಲೆಕ್ಕದಲ್ಲಿ ಎರಡೂ ಕಾಂಪ್ಲನೇಟಾ.

ಹಾಗಾದರೆ ಆಕಾರದ ವ್ಯತ್ಯಾಸ ಎಲ್ಲಿಂದ ಬಂತು? ಒಳಗೆ ಡಯಾಟಮ್ ಎಂಬ ಏಕಕೋಶ ಪಾಚಿಗಳನ್ನು ಸಾಕಿಕೊಂಡು ಬದುಕುವ ಇಂದಿನ ಆಂಫಿಸ್ಟೆಜೈನಾ, ಹೆಟೆರೋಸ್ಟೆಜೈನಾಗಳು ಬೆಳಕು ಹೆಚ್ಚಿದ್ದು ನೀರು ಅಲುಗಾಡುವಲ್ಲಿ ದಪ್ಪ ಚಿಪ್ಪು ಕಟ್ಟುತ್ತವೆ, ಬೆಳಕು ಕುಂದಿದಂತೆ ತೆಳ್ಳಗೆ ಅಗಲವಾಗುತ್ತವೆ. ಮಿಯೋಜಿಪ್ಸಿನಾಗಳೂ ಪಾಚಿಗಳನ್ನು ಹಾಗೆಯೇ ಸಾಕಿದ್ದವು ಎಂದು ಸಾಮಾನ್ಯವಾಗಿ ಒಪ್ಪಲಾಗುತ್ತದೆ. ತೆಳುಚಿಪ್ಪು ಕಂಡೊಡನೆ ಆಳ ಸಮುದ್ರ ಎಂದು ಬರೆಯುವ ಅಭ್ಯಾಸ ನಮ್ಮಲ್ಲಿದೆ, ಅದಕ್ಕೆ ನನ್ನ ತಕರಾರಿದೆ. ಕಛ್‌ನ ಆ ಕಾಲದ ಸಮುದ್ರ ಲಕ್ಷದ್ವೀಪದಂತೆ ತಿಳಿಯಾಗಿರಲಿಲ್ಲ. ಸುಣ್ಣದೊಂದಿಗೆ ದಡದಿಂದ ಬಂದ ಹೂಳೂ ಬೆರೆಯುತ್ತಿತ್ತು ಎಂದು ಆ ಪದರಗಳೇ ಹೇಳುತ್ತವೆ. ಕಲಕಿದ ನೀರಿನಲ್ಲಿ ಹತ್ತು ಮೀಟರಿನಲ್ಲೇ ಬೆಳಕು ಕುಂದಬಹುದು. ನನ್ನ ಮಾರ್ಲ್ ಪದರದ ತೆಳುಬೀಸಣಿಗೆಗಳಿಗೆ ಹೂಳೇ ಕಾರಣ, ಆಳವಲ್ಲ ಎಂಬುದು ನನ್ನ ನಿಲುವು. ಅಳತೆ ಮತ್ತು ಎಣಿಕೆ ಎರಡೂ ಒಂದೇ ಚಿಪ್ಪಿನಿಂದ ಸಿಕ್ಕಿದ್ದರಿಂದಲೇ ಈ ಮಾತು ಆಡುವ ಧೈರ್ಯ ಬಂದಿದೆ.

ಖರ್ಚಿನ ಲೆಕ್ಕ: ಎಪಾಕ್ಸಿ, ಪುಡಿ, ಅಸಿಟೋನ್, ಹಾಳೆ ಎಲ್ಲ ಸೇರಿ ವರ್ಷಕ್ಕೆ ನಾಲ್ಕು ಸಾವಿರ ದಾಟಿಲ್ಲ, ಚಿಪ್ಪೊಂದಕ್ಕೆ ಇಪ್ಪತ್ತು ರೂಪಾಯಿಯೊಳಗೆ. ಸಮಯದ ಲೆಕ್ಕ ಬೇರೆ. ಒಂದು ಅಚ್ಚು ಮುಗಿಯಲು ನಾಲ್ಕೈದು ಸಂಜೆಗಳು ಬೇಕು, ಹತ್ತರಲ್ಲಿ ಏಳೆಂಟು ಚಿಪ್ಪುಗಳು ಎಣಿಕೆಗೆ ದಕ್ಕುತ್ತವೆ. ಮೈಕ್ರೋಸ್ಫೆರಿಕ್ ಚಿಪ್ಪುಗಳಿಗೆ ಈ ವಿಧಾನ ಒಗ್ಗಿಲ್ಲ, ಅವುಗಳ ಮೊದಲ ಕೋಣೆ ಎರಡು ಪೀಲ್‌ಗಳ ನಡುವಿನ ಉಜ್ಜುವಿಕೆಯಲ್ಲೇ ಕಳೆದುಹೋಗುವಷ್ಟು ಚಿಕ್ಕದು. ಅದೇ ಫಾರ್ಮೇಶನ್ನಿನ ಕೋರಲ್ ಲೈಮ್‌ಸ್ಟೋನ್ ಮೆಂಬರ್‌ನ ಲೆಪಿಡೋಸೈಕ್ಲಿನಾ ಎಂಬ ಇನ್ನೊಂದು ಬಗೆಯ ಫೊರಾಮ್‌ಗಳನ್ನು ಈಗ ಎರಕಕ್ಕೆ ಹಾಕಿದ್ದೇನೆ. ಅವುಗಳ ಭ್ರೂಣ ದೊಡ್ಡದು, ಚಿಪ್ಪಿನ ನಡುವೆಯೇ ಇರುತ್ತದೆ, ಆದರೆ ಅಲ್ಲಿ ಎಣಿಸುವುದಕ್ಕಿಂತ ಡ್ಯೂಟೆರೋಕಾಂಚ್ ಪ್ರೊಟೋಕಾಂಚನ್ನು ಎಷ್ಟು ತಬ್ಬಿದೆ ಎಂದು ಅಳೆಯಬೇಕಾಗಿರುವುದರಿಂದ ಹಾಳೆ ಆರುವಾಗ ಕುಗ್ಗುವ ಪ್ರಮಾಣವನ್ನು ಮೊದಲು ತಿಳಿಯಬೇಕು. ಅದಕ್ಕಾಗಿ ಮೈಕ್ರೋಮೀಟರ್ ಗೆರೆಗಳನ್ನು ಕೊರೆದ ಅಮೃತಶಿಲೆಯ ಚೂರೊಂದನ್ನು ಪ್ರತಿ ಅಚ್ಚಿನಲ್ಲೂ ಚಿಪ್ಪುಗಳ ಪಕ್ಕ ಸೇರಿಸುತ್ತಿದ್ದೇನೆ.