ವಾರ್ಡ್ ಕಚೇರಿಗೆ ಪಾಯದ ಮಣ್ಣಿನದೇ ಗೋಡೆ

ಬೆಂಗಳೂರಿನಲ್ಲಿ ವಾರ್ಡ್ ಕಚೇರಿ ಕಟ್ಟಲು ಪಾಯ ತೆಗೆದಾಗ ಸಿಗುವ ಕೆಂಪು ಮಣ್ಣನ್ನು ದುಡ್ಡು ಕೊಟ್ಟು ಸಾಗಿಸಿ, ಮತ್ತೆ ದುಡ್ಡು ಕೊಟ್ಟು ಸಿಮೆಂಟ್ ಬ್ಲಾಕ್ ತರಿಸುವುದು ರೂಢಿ. ಅದೇ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದರೆ ಗಟ್ಟಿ ಇಟ್ಟಿಗೆಯಾಗುತ್ತದೆ. ಈ ಇಟ್ಟಿಗೆ ಕೆಲಸ ವೆಚ್ಚದ ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಐಟಂ ಆಗಿ ಬರಬೇಕು. ನಕ್ಷೆಯಲ್ಲಿ ಮಾತ್ರ ಬರೆದರೆ, ನೀವು ಸೈಟಿಗೆ ಹೋಗುವಷ್ಟರಲ್ಲಿ ಮಣ್ಣು ಲಾರಿ ಹತ್ತಿರುತ್ತದೆ.

ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಕಸ ಇರುವುದರಿಂದ ಅದನ್ನು ಗಿಡಗಳಿಗೆ ಬಿಡಿ. ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ತುಂಬಿ, ನೀರು ಮತ್ತು ಚಿಟಿಕೆ ಉಪ್ಪು ಹಾಕಿ ಕುಲುಕಿ, ರಾತ್ರಿಯಿಡೀ ಬಿಡಿ. ಮರಳು ತಳದಲ್ಲಿ, ಜೇಡಿ ಮೇಲೆ ನಿಲ್ಲುತ್ತದೆ. ಜೇಡಿ ಶೇ. 15ರ ಆಸುಪಾಸಿನಲ್ಲಿರಬೇಕು. ಶೇ. 30 ಕಂಡರೆ ಸಮಪ್ರಮಾಣದ ಕ್ವಾರಿ ಡಸ್ಟ್ (ಜಲ್ಲಿ ಒಡೆಯುವಾಗ ಉಳಿಯುವ ಕಲ್ಲುಪುಡಿ) ಬೆರೆಸಿ. ಇಲ್ಲದಿದ್ದರೆ ಇಟ್ಟಿಗೆ ಒಣಗುವಾಗಲೇ ಬಿರಿಯುತ್ತದೆ. ಕಪ್ಪು ಎರೆಮಣ್ಣಿಗೆ ಈ ಲೆಕ್ಕ ನಡೆಯದು, ಅದಕ್ಕೆ ಸುಣ್ಣ ಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನದ 'ಅಸ್ತ್ರ' ಕೇಂದ್ರ ರೂಪಿಸಿದ ಕೈಯಂತ್ರ 'ಮರ್ದಿನಿ' ಇಂಥ ಕೆಲಸಕ್ಕೆ ಸಾಕು. 230 x 190 x 100 ಮಿ.ಮೀ. ಇಟ್ಟಿಗೆ ಹಿಡಿಯೋಣ. ಯಂತ್ರ ಪ್ರತಿ ಸಲ ಒತ್ತುವುದು ಒಂದೇ ಅಳತೆಗೆ, ಆದ್ದರಿಂದ ಗಟ್ಟಿತನ ನಿಂತಿರುವುದು ತೂಕದ ಮೇಲೆ. ಪ್ರತಿ ಸಲ ಸುಮಾರು 8.7 ಕೆ.ಜಿ. ಒದ್ದೆ ಮಿಶ್ರಣ ತೂಗಿಯೇ ಅಚ್ಚಿಗೆ ಹಾಕಬೇಕು. ಬುಟ್ಟಿ ಅಳತೆಯಲ್ಲಿ ಸುರಿದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಕೆ.ಜಿ. ಕಡಿಮೆಯಾಗಿರುತ್ತದೆ. ಅಂಥ ಇಟ್ಟಿಗೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಮಳೆಗೆ ಮೂಲೆ ಉದುರುತ್ತದೆ. ತಕ್ಕಡಿ ಇಲ್ಲದ ಸೈಟಿನಲ್ಲಿ ಈ ಕೆಲಸ ಶುರು ಮಾಡದಿರುವುದೇ ಒಳ್ಳೆಯದು.

ಸಿಮೆಂಟ್ ಮಿಶ್ರಣದ ಒಣ ತೂಕದ ಶೇ. 7, ಅಂದರೆ 50 ಕೆ.ಜಿ. ಚೀಲಕ್ಕೆ ಸುಮಾರು 90 ಇಟ್ಟಿಗೆ. ನೀರು ಬೆರೆಸಿದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸುವಷ್ಟೇ ಕಲಸಿ. ಮೊದಲ ದಿನ ಪೈಪಿನಿಂದ ನೀರು ಹೊಡೆಯಬೇಡಿ, ಮೈ ಕೊಚ್ಚಿಹೋಗುತ್ತದೆ. ಒದ್ದೆ ಗೋಣಿ ಹೊದಿಸಿ, ಮಾರನೇ ದಿನದಿಂದ ಚಿಮುಕಿಸಿ, 21 ದಿನ ತೇವ ಆರದಂತೆ ನೋಡಿಕೊಳ್ಳಿ. ಪ್ರಯೋಗಾಲಯದಲ್ಲಿ ನೆನೆಸಿದ ಇಟ್ಟಿಗೆಯ ಬಲವನ್ನೇ ಕೇಳಿ. ಒಣ ಇಟ್ಟಿಗೆಯ ಅಂಕಿ ಯಾವಾಗಲೂ ಚೆಂದ. 100 ಚದರ ಮೀಟರ್ ಗೋಡೆಗೆ 190 ಮಿ.ಮೀ. ದಪ್ಪದಲ್ಲಿ ಸುಮಾರು 3,800 ಇಟ್ಟಿಗೆ, ಅಂದರೆ 42 ಚೀಲ ಸಿಮೆಂಟ್ ಬೇಕು. ಒಡೆಯುವ ಲೆಕ್ಕಕ್ಕೆ ಶೇ. 5 ಹೆಚ್ಚು ಮಾಡಿಸಿ.

ಗಾರೆ ಸಿಮೆಂಟ್, ಮಣ್ಣು, ಮರಳು 1:2:6ರಲ್ಲಿರಲಿ. ಮೇಸ್ತ್ರಿ ಧಾರಾಳವಾಗಿ ಸಿಮೆಂಟ್ ಹಾಕಿದರೆ ಬಿರುಕು ಇಟ್ಟಿಗೆಗಳ ನಡುವಿನ ಕೀಲಿನಲ್ಲಿ ನಿಲ್ಲದೆ ಇಟ್ಟಿಗೆಯನ್ನೇ ಸೀಳುತ್ತದೆ. ಗೋಡೆ ನೆಲದಿಂದ ಒಂದೂವರೆ ಅಡಿ ಎತ್ತರದ ಸೈಜುಗಲ್ಲಿನ ಮೇಲೆ ನಿಲ್ಲಲಿ, ಸೂರು ಎರಡಡಿ ಹೊರಚಾಚಲಿ. ಶೌಚಾಲಯದ ಒಳಗೋಡೆಗೆ ಮಾತ್ರ ಪ್ಲಾಸ್ಟರ್ ಬೇಕು. ವೈರಿಂಗ್ ಪೈಪನ್ನು ಗೋಡೆ ಏಳುವಾಗಲೇ ಕೂರಿಸಿ, ಆಮೇಲೆ ಕೆತ್ತಿಸಬೇಡಿ.

ಪಡುವಣ ಬಿಸಿಲಿನ ಬದಿಗೆ ಮೆಟ್ಟಿಲು, ಶೌಚಾಲಯ, ಉಗ್ರಾಣ ಹಾಕಿ. ಜನ ನಿಲ್ಲುವ ಕೌಂಟರ್ ಉತ್ತರದ ಬೆಳಕಿಗಿರಲಿ.

ಮಳೆನೀರಿನ ಲೆಕ್ಕ ಸರಳ. 150 ಚದರ ಮೀಟರ್ ಚಾವಣಿ, ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ, ಅದರಲ್ಲಿ ಶೇ. 85 ಕೈಗೆ ಸಿಕ್ಕಿದರೆ 1.2 ಲಕ್ಷ ಲೀಟರಿಗೂ ಹೆಚ್ಚು. ಮೊದಲ 1 ಮಿ.ಮೀ. ಮಳೆಯ 150 ಲೀಟರ್ ಕೊಳಕು ನೀರನ್ನು ಹೊರಬಿಡುವ ವಾಲ್ವನ್ನು ಚಾವಣಿಯ ಮೇಲಿಡಬೇಡಿ. ಅಲ್ಲಿಗೆ ಯಾರೂ ಹತ್ತುವುದಿಲ್ಲ. ಹಿಂಬಾಗಿಲ ಪಕ್ಕದಲ್ಲಿ, ಕಸ ಗುಡಿಸುವವರ ಕೈಗೆಟುಕುವ ಎತ್ತರದಲ್ಲಿ ಇಡಿ.