ಅಂಕಿ ನೋಡಿ ಬಾಕ್ಸ್ ಹಾಕಿ: ವೆಬ್ ಫಾರ್ಮ್ ಮಾಡುವವರಿಗೆ

ಊರಿನ ಹಾಲಿನ ಡೇರಿಗೆ ಒಂದು ವೆಬ್ ಫಾರ್ಮ್ ಮಾಡಿಕೊಡಬೇಕು ಎಂದಿಟ್ಟುಕೊಳ್ಳಿ. ಸದಸ್ಯರ ಸಂಖ್ಯೆ, ಮೊಬೈಲ್ ನಂಬರ್, ರಾಸುಗಳ ಎಣಿಕೆ, ಲೀಟರ್, ಫ್ಯಾಟ್, ಹಣ ಎಲ್ಲವೂ ಅಂಕಿಗಳೇ. ಹಾಗೆಂದು ಎಲ್ಲಕ್ಕೂ ವೆಬ್ ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್‌ನ ‘ನಂಬರ್’ ಟೈಪ್ ಕೊಟ್ಟು ಕೈತೊಳೆದುಕೊಂಡರೆ ತಾಪತ್ರಯ ಶುರುವಾಗುತ್ತದೆ.

ಮೊದಲು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ಕೂಡುವುದು, ಕಳೆಯುವುದು ಉಂಟೇ? ಲೀಟರುಗಳನ್ನು ಕೂಡುತ್ತೇವೆ, ಸದಸ್ಯರ ಸಂಖ್ಯೆಗಳನ್ನು ಯಾರೂ ಕೂಡುವುದಿಲ್ಲ. ಅದು ಅಂಕಿಯ ವೇಷ ತೊಟ್ಟ ಹೆಸರು. 0042 ಅನ್ನು ಸಂಖ್ಯೆಯಾಗಿ ಪರಿವರ್ತಿಸಿದರೆ ಉಳಿಯುವುದು ಬರೀ 42. ಆಧಾರ್‌ನ 12 ಅಂಕಿ, ಪಿನ್‌ಕೋಡ್‌ನ 6 ಅಂಕಿಗಳೂ ಇದೇ ಗುಂಪಿನವು. ಉದ್ದದ ಬ್ಯಾಂಕ್ ಖಾತೆ ಸಂಖ್ಯೆಯಂತೂ ಇನ್ನೂ ಅಪಾಯಕಾರಿ: 9007199254740991 ದಾಟಿದ ಮೇಲೆ, ಬ್ರೌಸರಿನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯಲ್ಲಿ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗಬಹುದು.

ಇಂಥವಕ್ಕೆ ಟೈಪ್ ‘ಟೆಕ್ಸ್ಟ್’ ಇರಲಿ, ‘ಇನ್‌ಪುಟ್‌ಮೋಡ್’ಗೆ ‘ನ್ಯೂಮರಿಕ್’ ಕೊಡಿ. ಮೊಬೈಲಿನಲ್ಲಿ ಅಂಕಿಗಳ ಕೀಲಿಮಣೆಯೇ ತೆರೆಯುತ್ತದೆ. ಉದ್ದಕ್ಕೆ ಮಿತಿ ಹಾಕುವ ‘ಮ್ಯಾಕ್ಸ್‌ಲೆಂತ್’ ಕೆಲಸ ಮಾಡುವುದೂ ಇಲ್ಲಿಯೇ. ನಂಬರ್ ಬಾಕ್ಸ್ ಅದಕ್ಕೆ ಕಿವಿಗೊಡುವುದಿಲ್ಲ. ಮೊಬೈಲ್ ನಂಬರಿಗೆ ‘ಟೆಲ್’ ಟೈಪ್ ಇದೆ.

ರಾಸುಗಳ ಎಣಿಕೆಗೆ ‘ನಂಬರ್’ ಸರಿಯಾದ ಆಯ್ಕೆ. ಕನಿಷ್ಠ ಮಿತಿ ಹೇಳುವ ‘ಮಿನ್’ 0 ಎಂದು ಬರೆದರೆ ಮುಗಿಯಿತು.

ಲೀಟರ್ ಮತ್ತು ಫ್ಯಾಟ್‌ಗೂ ನಂಬರ್ ಆದೀತು, ಆದರೆ ಅಂಕಿ ಎಷ್ಟೆಷ್ಟರ ಹೆಜ್ಜೆಯಲ್ಲಿ ಬದಲಾಗಬಹುದು ಎಂದು ಹೇಳುವ ‘ಸ್ಟೆಪ್’ ಮರೆಯಬೇಡಿ. ನೀವು ಹೇಳದಿದ್ದರೆ ಬ್ರೌಸರ್ ಅದನ್ನು 1 ಎಂದೇ ಹಿಡಿದು, 7.5 ಲೀಟರ್ ಹಾಲು ತಂದವರನ್ನು ತಪ್ಪಿತಸ್ಥರನ್ನಾಗಿ ಮಾಡುತ್ತದೆ. ಸ್ಟೆಪ್ 0.1, ಇನ್‌ಪುಟ್‌ಮೋಡ್ ‘ಡೆಸಿಮಲ್’ ಎಂದಿಡಿ. ಬದಿಯ ಪುಟ್ಟ ಬಾಣಗಳು ಇಲ್ಲಿ ಯಾರಿಗೂ ಬೇಡ. ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಬಾಕ್ಸ್‌ನ ‘ಅಪಿಯರೆನ್ಸ್’ ಅನ್ನು ‘ಟೆಕ್ಸ್ಟ್‌ಫೀಲ್ಡ್’ ಮಾಡಿ. ಕ್ರೋಮ್, ಸಫಾರಿಗಳಲ್ಲಿ ಈ ಬಾಣಗಳನ್ನು, ಅಂದರೆ ಸ್ಪಿನ್ ಬಟನ್‌ಗಳನ್ನು ಪ್ರತ್ಯೇಕವಾಗಿ ಮರೆಮಾಡಬೇಕಾಗುತ್ತದೆ. ಬಾಣ ಮರೆಯಾದರೂ ಕೀಲಿಮಣೆಯ ಮೇಲು–ಕೆಳಗಿನ ಕೀಲಿಗಳು ಅಂಕಿಯನ್ನು ಬದಲಿಸುತ್ತಲೇ ಇರುತ್ತವೆ ಎಂಬುದು ನೆನಪಿರಲಿ.

ಹಣದ್ದೇ ದೊಡ್ಡ ರಗಳೆ. ನಂಬರ್ ಬಾಕ್ಸ್ 1,25,000ದ ಅಲ್ಪವಿರಾಮಗಳನ್ನು ಒಪ್ಪಿಕೊಂಡು ಕಳುಹಿಸುವುದಿಲ್ಲ. ಆದ್ದರಿಂದ ಮತ್ತೆ ಟೈಪ್ ‘ಟೆಕ್ಸ್ಟ್’, ಇನ್‌ಪುಟ್‌ಮೋಡ್ ‘ಡೆಸಿಮಲ್’. ಬಳಕೆದಾರರು ಬಾಕ್ಸ್ ಬಿಟ್ಟು ಹೊರಬಂದಾಗ ಜಾವಾಸ್ಕ್ರಿಪ್ಟ್‌ನ ‘ನಂಬರ್‌ಫಾರ್ಮ್ಯಾಟ್’ಗೆ ಭಾರತದ ಇಂಗ್ಲಿಷ್ ಲೊಕೇಲ್ (ಭಾಷೆ, ದೇಶಗಳ ಗುರುತು) ಕೊಟ್ಟು ಲಕ್ಷದ ಲೆಕ್ಕದಲ್ಲಿ ತೋರಿಸಿ; ಸರ್ವರ್‌ಗೆ ಕಳುಹಿಸುವ ಮುನ್ನ ಅಲ್ಪವಿರಾಮ ತೆಗೆಯಿರಿ. ಮೊತ್ತ ಬಲಕ್ಕೆ ಒತ್ತಿಕೊಂಡು, ಸಮ ಅಗಲದ ಅಂಕಿಗಳಲ್ಲಿ ಕಂಡರೆ ಓದಲು ಸಲೀಸು.

ಕನ್ನಡ ಕೀಲಿಮಣೆಯಲ್ಲಿ ‘೪೨’ ಎಂದು ಬರೆಯುವವರೂ ಇದ್ದಾರೆ. ಟೆಕ್ಸ್ಟ್ ಬಾಕ್ಸ್‌ಗಳಲ್ಲಿ ಅದನ್ನು ತಪ್ಪೆಂದು ತಳ್ಳದೆ, ಪ್ರತಿ ಕನ್ನಡ ಅಂಕಿಯ ಯೂನಿಕೋಡ್ ಸಂಖ್ಯೆಯಿಂದ 3254 ಕಳೆಯಿರಿ. ಸಿಗುವುದು ಸಾಮಾನ್ಯ ಅಂಕಿಯ ಯೂನಿಕೋಡ್ ಸಂಖ್ಯೆ; ಅದನ್ನು ಮತ್ತೆ ಅಕ್ಷರವಾಗಿಸಿದರೆ ೦ ಇದ್ದಲ್ಲಿ 0, ೯ ಇದ್ದಲ್ಲಿ 9 ಬರುತ್ತದೆ. ಪರಿಶೀಲನೆ ನಡೆಯಬೇಕಾದದ್ದು ಇದಾದ ನಂತರ.